ಉಪ್ಪಿನಕಾಯಿ ಭರಣಿಯ ಹಿಂದೆ

ತಿಂಗಳಲ್ಲಿ ಎರಡು ಶನಿವಾರ ಡಾಕ್ಟರ್ ಗಂಗಾಶ್ರೀ ಶಿವಮೊಗ್ಗದಿಂದ ಹೊರಟು, ಬೆಳಿಗ್ಗೆ ಶಿಕಾರಿಪುರದಲ್ಲಿ, ಮಧ್ಯಾಹ್ನದ ಮೇಲೆ ಸೊರಬದಲ್ಲಿ ಕುಳಿತು ರೋಗಿಗಳನ್ನು ನೋಡುತ್ತಿದ್ದರು. ಬೋರ್ಡಿನ ಮೇಲೆ ಹಾರ್ಮೋನು ತಜ್ಞೆ ಎಂದಿದ್ದರೂ ಎರಡೂ ತಾಲ್ಲೂಕಿನವರಿಗೆ ಅವರು ಶುಗರ್ ಡಾಕ್ಟ್ರಮ್ಮ. ಹದಿನಾಲ್ಕು ವರ್ಷಗಳಲ್ಲಿ ಎಷ್ಟು ಬೆರಳ ತುದಿ, ಎಷ್ಟು ಅಂಗಾಲು ಆ ಕೈಗಳಲ್ಲಿ ಹಾದುಹೋದವೋ ಶಿವನೇ ಬಲ್ಲ. ಆದರೆ ಈ ಹನ್ನೊಂದು ತಿಂಗಳಿಂದ ಸೊರಬದ ಬಾಗಿಲು ಸರಿದಾಗಲೆಲ್ಲ ಅವರ ಕಣ್ಣು ಹುಡುಕುತ್ತಿದ್ದುದು ಒಂದೇ ಮುಖವನ್ನು.

ರಕ್ಷಿತಾ. ಬಳ್ಳಿಗಾವಿಯ ಉಜ್ಜಪ್ಪನ ಮಗಳು. ಒಂಬತ್ತನೇ ವಯಸ್ಸಿಗೆ ಮೈಯೊಳಗೆ ಇನ್ಸುಲಿನ್ ಹುಟ್ಟುವುದೇ ನಿಂತು, ಪ್ರಜ್ಞೆ ತಪ್ಪಿ, ಅಪ್ಪನ ಹೆಗಲ ಮೇಲೆ ಬಂದ ಮಗು. ಅವಳಿಗೆ ಸೂಜಿ ಹಿಡಿಯಲು ಕಲಿಸಿದ್ದು ಗಂಗಾಶ್ರೀಯೇ. ಚುಚ್ಚಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆ ಎಂದರೆ ಅವಳು ಎಣಿಸುತ್ತಿರಲಿಲ್ಲ. ಅಜ್ಜಿ ಬಾಯಿಪಾಠ ಮಾಡಿಸಿದ ವಚನದ ಒಂದು ಸಾಲನ್ನು ನಿಧಾನವಾಗಿ ಹೇಳಿ ಮುಗಿಸುತ್ತಿದ್ದಳು. ಮನೆಯಲ್ಲಿ ಫ್ರಿಜ್ ಇಲ್ಲವೆಂದಾಗ ಮಣ್ಣಿನ ಕುಡಿಕೆಗೆ ಒದ್ದೆ ಬಟ್ಟೆ ಸುತ್ತಿ ಔಷಧಿಯ ಸೀಸೆ ತಂಪಾಗಿಡುವುದನ್ನು ತೋರಿಸಿಕೊಟ್ಟವರೂ ಅವರೇ.

ಮದುವೆ ಗೊತ್ತಾದಾಗ ಉಜ್ಜಪ್ಪ ಒಬ್ಬನೇ ಬಂದಿದ್ದ.

"ಚಂದ್ರಗುತ್ತಿ ಕಡೆ ಕೊಡಾಕತ್ತೀವಿ ಮೇಡಂ. ಗಂಡಿನೋರಿಗೆ ಹೇಳಿಲ್ಲ. ನೀವೂ ಎಲ್ಲೂ ಬಾಯಿ ಬಿಡಬ್ಯಾಡ್ರಿ."

"ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳೋ ಹುಡುಗಿ. ಹೇಳದೆ ಹೆಂಗ್ರೀ?"

"ಹೇಳೇ ಎರಡು ಸಂಬಂಧ ಮುರಿದಾವ್ರೀ."

ಅಲ್ಲಿಂದ ಅವಳ ಸುಳಿವಿಲ್ಲ. ಫೋನ್ ನಂಬರು ಬದಲಾಗಿತ್ತು. ಒಬ್ಬ ರೋಗಿಯ ವಿಷಯವನ್ನು ಇನ್ನೊಬ್ಬರ ಮುಂದೆ ಎತ್ತಬಾರದು, ಹಾಗಾಗಿ ಯಾರನ್ನೂ ಕೇಳುವಂತಿರಲಿಲ್ಲ. ಎರಡು ದಿನ ಇನ್ಸುಲಿನ್ ತಪ್ಪಿದರೆ ಆ ಜೀವ ಉಳಿಯುವುದು ಕಷ್ಟ. ಎಲ್ಲಿ ಮುಚ್ಚಿಡುತ್ತಾಳೆ, ಯಾವಾಗ ಚುಚ್ಚಿಕೊಳ್ಳುತ್ತಾಳೆ, ಇದ್ದಾಳೋ ಇಲ್ಲವೋ.

ಆ ಶನಿವಾರ ಸೊರಬದಲ್ಲಿ ಕೊನೆಗೆ ಬಂದವಳು ಹುಚ್ಚಮ್ಮ. ಚಂದ್ರಗುತ್ತಿಯವಳು, ಮೂರು ವರ್ಷದ ಹಳೆಯ ರೋಗಿ, ಬಾಯಿ ಜೋರು. ಇಪ್ಪತ್ತೈದು ದಿನ ಬರಬೇಕಾದ ಅವಳ ಇನ್ಸುಲಿನ್ ಸೀಸೆ ಹನ್ನೆರಡೇ ದಿನಕ್ಕೆ ಬರಿದಾಗಿತ್ತು.

"ಮತ್ತೆ ಖಾಲಿಯಾ, ಹುಚ್ಚಮ್ಮಾರೇ?"

"ಬಿದ್ದು ಒಡೆದೋತು ಕಣ್ರೀ."

"ಹೋದ ಸಲಾನೂ ಒಡೆದಿತ್ತು."

"ಬೆಕ್ಕೊಂದೈತೆ, ಹಾಳಾದ್ದು. ಅದಕ್ಕೂ ಶುಗರ್ ಬಂದೈತೇನೋ!"

ನರ್ಸ್ ಮಮತಾ ನಗುತ್ತಾ ಹೊರಗೆ ಹೋದಳು. ಗಂಗಾಶ್ರೀ ನಗಲಿಲ್ಲ. ಚಿಕ್ಕಂದಿನಲ್ಲಿ ಅಜ್ಜ ಕಾವ್ಯ ಓದುವಾಗ ಕಂಬಕ್ಕೊರಗಿ ಕೂತು ಕೇಳಿದ ಕಿವಿ ಅವರದು. ಓದುವವರು ಉಸಿರೆಳೆದುಕೊಳ್ಳುವ ಜಾಗದಲ್ಲೂ ಏನೋ ಇರುತ್ತದೆಂದು ಬಲ್ಲರು. ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತರು. ಹುಚ್ಚಮ್ಮ ಸೆರಗಿನ ಅಂಚನ್ನು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಸೊಸೆ ಇದಾಳಲ್ರೀ, ಬಳ್ಳಿಗಾವಿ ಹುಡುಗಿ. ಉಪ್ಪಿನಕಾಯಿ ಭರಣಿ ಹಿಂದೆ ಒಂದು ಕುಡಿಕೆ ಮುಚ್ಚಿಟ್ಟಾಳೆ. ಒದ್ದೆ ಬಟ್ಟೆ ಸುತ್ತಿ. ಅದ್ರಾಗೆ ಸೀಸೆ. ಮೊದ್ಲು ನಂದೇ ಕದ್ದಾಳೆ ಅನ್ಕಂಡೆ. ಫ್ರಿಜ್ ತೆಗೆದು ನೋಡಿದ್ರೆ ನಂದು ಹಂಗೇ ಐತೆ. ಆಮ್ಯಾಲೆ ತಿಳೀತು."

ಗಂಗಾಶ್ರೀಯ ನಾಲಿಗೆಯ ತುದಿಯಲ್ಲಿ ಹೆಸರಿತ್ತು. ನುಂಗಿಕೊಂಡರು.

"ಒಂದಿನ ಅದು ಬರಿದಾಗಿತ್ತು, ಹುಡುಗಿ ಮುಖ ಬಾಡಿತ್ತು. ನಂದೊಂದು ಸೀಸೆ ಇಟ್ಟೆ. ಮಾರನೇ ದಿನ ನೋಡಿದ್ರೆ ಅದ್ರಾಗೆ ಕಮ್ಮಿ ಆಗೈತೆ. ಅವ್ಳೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

"ಯಾಕೆ ಹೇಳಲಿಲ್ಲ?"

"ಗೊತ್ತಾತು ಅಂದ್ರೆ ಹೆದ್ರಿ ತವ್ರಿಗೆ ಹೊಂಟೋಗ್ತಾಳೆ ಕಣ್ರೀ. ನಮ್ದು ಹೆಣ್ಣುಮಕ್ಳಿಲ್ಲದ ಮನೆ. ದಿನಾ ಬಚ್ಚಲುಮನೆ ಬಾಗ್ಲು ಹಾಕ್ಕಂಡು ಸಣ್ಣ ದನೀಲಿ ವಚನದ್ದು ಒಂದೇ ಒಂದು ಸಾಲು ಹೇಳ್ತಾಳೆ. ಮುಂದಿಂದು ಬರಲ್ವೋ ಏನೋ. ಅದು ಕೇಳ್ದೆ ಹೋದ್ರೆ ನಂಗೆ ಬೆಳಗಾಗಾಕಿಲ್ಲ."

ಮುಂದಿನ ಸಾಲು ಅವಳಿಗೆ ಏಕೆ ಬೇಕಿಲ್ಲವೆಂದು ಗಂಗಾಶ್ರೀಗೆ ಗೊತ್ತಿತ್ತು. ಅವರು ಎದ್ದು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

"ಈಗ ಎರಡು ತಿಂಗ್ಳಿಂದ ಮುಟ್ಟು ನಿಂತೈತೆ," ಎಂದಳು ಹುಚ್ಚಮ್ಮ. "ಅದಕ್ಕೇ ಭಯ. ನನ್ನ ಔಷಧಿ ಅವ್ಳಿಗೆ ಸರಿಹೋಗುತ್ತಾ?"

"ಸಾಲಲ್ಲಮ್ಮ. ನಿಮ್ಮದೇ ಬೇರೆ, ಅಂಥವರಿಗೆ ಬೇಕಾದ್ದೇ ಬೇರೆ. ಇಬ್ಬರ ಜೀವದ ಮಾತು. ನಾಳೆ ಭಾನುವಾರ ಆದ್ರೂ ನಾನು ಬಂದು ಕೂತಿರ್ತೀನಿ, ಕರ್ಕೊಂಡು ಬನ್ನಿ."

"ಏನಂತ ಕರ್ಕಂಡ್ ಬರ್ಲಿ?"

"ನಂಗೆ ಗೊತ್ತು ಮಗಾ, ಅಂತ."

"ಅದೊಂದೇ ನನ್ ಕೈಲಿ ಆಗ್ದಿರೋದು," ಎಂದು ಗೊಣಗುತ್ತಾ ಹುಚ್ಚಮ್ಮ ಎದ್ದುಹೋದಳು.

ಭಾನುವಾರ ಹತ್ತಾಯಿತು, ಹನ್ನೊಂದಾಯಿತು. ಒಂದೊಂದು ಬಸ್ಸಿನ ಸದ್ದಿಗೂ ಗಂಗಾಶ್ರೀ ಬಾಗಿಲಿಗೆ ಬಂದು ಮತ್ತೆ ಒಳಗೆ ಹೋಗಿ ಕೂತರು. ಹನ್ನೆರಡು ದಾಟಿದ ಮೇಲೆ ಹುಚ್ಚಮ್ಮನ ದನಿ ಮೊದಲು ಬಂತು, ಹಿಂದೆಯೇ ಹುಚ್ಚಮ್ಮ.

"ನಂಗೆ ಕಣ್ಣು ಮಂಜು ಕಣ್ರೀ. ಸೊಸೇನ ಜತೆಗೆ ಕರ್ಕಂಡ್ ಬಂದೀನಿ."

ಬಾಗಿಲ ಬಳಿ ರಕ್ಷಿತಾ ನಿಂತಿದ್ದಳು. ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಡಾಕ್ಟರನ್ನು ಕಂಡವಳೇ ಬಿಳಿಚಿಕೊಂಡು, ಬೇಡವೆನ್ನುವಂತೆ ತಲೆಯನ್ನು ಚೂರೇ ಚೂರು ಅಲ್ಲಾಡಿಸಿದಳು. ಗಂಗಾಶ್ರೀ ಅಪರಿಚಿತರನ್ನು ನೋಡುವಂತೆ ನೋಡಿ, ಹುಚ್ಚಮ್ಮನ ಬೆರಳು ಚುಚ್ಚಲು ಸೂಜಿ ತೆಗೆದರು.

ಹುಚ್ಚಮ್ಮ ತನ್ನ ಕೈ ಹಿಂದಕ್ಕೆಳೆದುಕೊಂಡು, ಸೊಸೆಯ ಕೈ ಹಿಡಿದು ಮೇಜಿನ ಮೇಲಿಟ್ಟಳು.

"ನಂದು ಆಮ್ಯಾಲೆ. ಮೊದ್ಲು ಇವ್ಳದು."

"ಅತ್ತೆ..."

"ಕುಡಿಕೆ ಬಟ್ಟೆ ಒಣಗಿದಾಗೆಲ್ಲಾ ನೀರು ಚಿಮುಕಿಸಿದ್ದು ಯಾರು ಅನ್ಕಂಡಿದ್ದೆ? ಬೆಕ್ಕಾ?"

ರಕ್ಷಿತಾ ಅತ್ತೆಯ ಹೆಗಲಿಗೆ ಮುಖವಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, "ನಂಗೆ ಸೂಜಿ ಹಿಡಿಯೋದು ಕಲಿಸಿದ್ದು ಇವ್ರೇ, ಅತ್ತೆ," ಎಂದಳು.

ಹುಚ್ಚಮ್ಮ ಹುಬ್ಬೇರಿಸಿದಳು. "ನಿನ್ನೆ ನನ್ ಬಾಯಿಂದ ಎಲ್ಲಾ ಬಿಡಿಸ್ಕಂಡು ಏನೂ ತಿಳೀದೋರಂಗೆ ಕೂತಿದ್ರಲ್ರೀ. ಭಾರಿ ಇದೀರಿ!"

ಗಂಗಾಶ್ರೀ ರಕ್ಷಿತಾಳ ಬೆರಳಿನಿಂದ ಒಂದು ಹನಿ ತೆಗೆದರು. ಯಂತ್ರ ಇನ್ನೂರ ಎಂಬತ್ತು ತೋರಿಸಿತು. ಮಾಡಬೇಕಾದ ಕೆಲಸ ಬಹಳವಿತ್ತು. ಆದರೂ ಆ ಬೆರಳನ್ನು ಬಿಡಲು ಮನಸ್ಸಾಗಲಿಲ್ಲ. ಎಷ್ಟೋ ಕೇಳಬೇಕೆಂದು ಹನ್ನೊಂದು ತಿಂಗಳು ಕಾದಿದ್ದವರ ಬಾಯಿಂದ ಹೊರಬಂದದ್ದು ಎಲ್ಲ ರೋಗಿಗಳನ್ನೂ ಕೇಳುವ ಮಾತೇ.

"ಬೆಳಿಗ್ಗೆ ಏನು ತಿಂದೆ, ಮಗಾ?"