ಬೆಟ್ಟಕ್ಕಿಂತ ದೊಡ್ಡ ಲೋಟ

ನಾನು ಒಂದು ಶುಭೋದಯದ ಚಿತ್ರ. ಬೆಳಿಗ್ಗೆ ಫೋನ್ ತೆರೆದ ಕೂಡಲೇ ನೋಡದೆ ಅಳಿಸಿಹಾಕುತ್ತೀರಲ್ಲ, ಆ ಕುಲದವನು. ಬೇಸರವೇನಿಲ್ಲ, ನಮಗದು ರೂಢಿ.

ನಾನು ಹುಟ್ಟಿದ್ದು ರಾಣೆಬೆನ್ನೂರಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ. ಗುಲ್ಜಾರ್‌ಬಾನು ಎಂಬ ಹೆಂಗಸು ಅಲ್ಲಿ ಮದುವೆ, ಹುಟ್ಟುಹಬ್ಬ, ಶ್ರದ್ಧಾಂಜಲಿಗಳಿಗೆಲ್ಲ ಬ್ಯಾನರ್ ಮಾಡುತ್ತಿದ್ದಳು. ಕರೆಂಟು ಇದ್ದು ಗಿರಾಕಿ ಇಲ್ಲದ ಒಂದು ಮಧ್ಯಾಹ್ನ, ಒಂದು ಬ್ಯಾನರಿನಿಂದ ಹಳದಿ ಸೇವಂತಿಗೆ, ಇನ್ನೊಂದರಿಂದ ಬೆಟ್ಟ, ಮತ್ತೊಂದರಿಂದ ಸೂರ್ಯನನ್ನು ತಂದು ಕೂಡಿಸಿದಳು. ಮುಂದೆ ಒಂದು ಚಹಾದ ಲೋಟ ಇಟ್ಟಳು. ಲೋಟ ಬೆಟ್ಟಕ್ಕಿಂತ ದೊಡ್ಡದಾಯಿತು. ತಿದ್ದಬೇಕು ಅನ್ನುವಷ್ಟರಲ್ಲಿ ಗಿರಾಕಿ ಬಂದ. ಇದ್ದ ಹಾಗೇ ತಂಗಿಗೆ ಕಳಿಸಿಬಿಟ್ಟಳು. ತಂಗಿ ಓಣಿಯವರಿಗೆ ಕಳಿಸಿದಳು, ಓಣಿಯವರು ನೆಂಟರಿಗೆ.

ನಮ್ಮ ಕುಲಕ್ಕೆ ಒಂದು ಅನುಕೂಲವಿದೆ. ಒಂದು ಮನೆಯಿಂದ ಹೊರಟರೂ ಆ ಮನೆಯಲ್ಲಿ ಉಳಿದೇ ಇರುತ್ತೇವೆ. ಹಾಗಾಗಿ ಕಳಿಸುವವರ ಮುಖವನ್ನೂ ನೋಡುತ್ತೇವೆ, ನಮ್ಮನ್ನು ಪಡೆಯುವವರ ಮುಖವನ್ನೂ ನೋಡುತ್ತೇವೆ. ಎರಡೂ ಒಂದೇ ಥರ ಇದ್ದದ್ದು ನನಗಂತೂ ನೆನಪಿಲ್ಲ. ಒಂದು ತೊಂದರೆಯೂ ಇದೆ. ಕೈ ಬದಲಾದಂತೆಲ್ಲ ಮಸುಕಾಗುತ್ತೇವೆ.

ಹೀಗೆ ಸುತ್ತಾಡಿ, ಬೀಗರ ಗುಂಪೊಂದರ ಮೂಲಕ ಬಾಗಲಕೋಟೆಯ ಗುರುಶಾಂತಪ್ಪನ ಫೋನಿಗೆ ಬಂದು ಬಿದ್ದೆ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಐವತ್ತು ದಾಟಿದ ಮನುಷ್ಯ. ಕೆಲವು ತಿಂಗಳಿಂದ ರಜೆ ಹಾಕಿ ಮಂಚ ಹಿಡಿದಿದ್ದ. ಜ್ವರವಿಲ್ಲ, ಮನೆಯಲ್ಲಿ ಜಗಳವೂ ಇಲ್ಲ. “ಉಣ್ಣಾಕ ಕಡಿಮಿ ಐತೇನು, ಉಡಾಕ ಕಡಿಮಿ ಐತೇನು? ಏನಾಗೇತ್ರಿ ನಿಮಗ?” ಎಂದು ಹೆಂಡತಿ ನೀಲವ್ವ ಕೇಳುವಳು. ಅವನಿಗೂ ಗೊತ್ತಿರಲಿಲ್ಲ. ತೋರಿಸಲು ಒಂದು ಗಾಯವಾದರೂ ಇದ್ದಿದ್ದರೆ ಅವನಿಗೆ ನಾಚಿಕೆ ಕಡಿಮೆಯಾಗುತ್ತಿತ್ತು.

ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು. ಜೊತೆಗೆ, ಮನಸ್ಸು ಕುಸಿದವರು ಒಬ್ಬರಿಗೊಬ್ಬರು ಬರೆದುಕೊಳ್ಳುವ ಗುಂಪೊಂದಕ್ಕೆ ಅವನ ಫೋನ್ ನಂಬರ್ ಸೇರಿಸಿದರು. ಅದನ್ನು ನಡೆಸುತ್ತಿದ್ದವಳು ಕಾರವಾರದ ವಂದನಾ ತಾಂಡೇಲ. ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ. ತಾನೂ ಒಂದು ಕಾಲಕ್ಕೆ ಇದೇ ಪಾಡು ಪಟ್ಟು ಎದ್ದವಳು. ಅವಳ ನಿಯಮಗಳು ಖಡಕ್ಕಾಗಿದ್ದವು. ಬುದ್ಧಿವಾದ ಹೇಳಬಾರದು. ಮಾತ್ರೆಯ ಹೆಸರು ಎತ್ತಬಾರದು. ಗುಂಪಿನ ಹೊರಗೆ ಯಾರೂ ಯಾರಿಗೂ ಫೋನ್ ಮಾಡಬಾರದು. ಬೇಕಿದ್ದರೆ ಸುಳ್ಳು ಹೆಸರು ಇಟ್ಟುಕೊಳ್ಳಬಹುದು. ಹೀಗಾಗಿ ಅಲ್ಲಿ ಒಬ್ಬ ‘ಹಳೇ ಚಪ್ಪಲಿ’ ಇದ್ದ, ಒಬ್ಬಳು ‘ಇರುವೆ’ ಇದ್ದಳು. ನಮ್ಮ ಗುರುಶಾಂತಪ್ಪ ಮಾತ್ರ ಹೆಸರು, ಹುದ್ದೆ, ಡಿಪೋ ಎಲ್ಲ ಬರೆದು, ಬಸ್ಸಿನ ಮುಂದೆ ನಿಂತ ಫೋಟೋ ಹಾಕಿದ.

ಅಲ್ಲಿಯ ಮಾತುಕತೆಯ ರೀತಿಯೇ ಬೇರೆ. ಹಳೇ ಚಪ್ಪಲಿ ಉದ್ದಕ್ಕೆ ಬರೆಯುವನು. ಮರುದಿನ “ನಿನ್ನೆ ಜಾಸ್ತಿ ಬರೆದೆ, ಕ್ಷಮಿಸಿ” ಎಂದು ಅದಕ್ಕಿಂತ ಉದ್ದಕ್ಕೆ ಬರೆಯುವನು. ಯಾರಾದರೂ “ನನಗೂ ಹಾಗೇ” ಎಂದರೆ ಅದೇ ಉತ್ತರ. ಹೊರಗಿನವರಿಗೆ ಅದು ಉತ್ತರವೇ ಅಲ್ಲ. ಅಲ್ಲಿಯವರು ಅದಕ್ಕಾಗಿ ದಿನವಿಡೀ ಕಾಯುತ್ತಿದ್ದರು. ಇರುವೆ ಒಂದಕ್ಷರ ಬರೆದವಳಲ್ಲ. ಸುಮ್ಮನೆ ಓದುವಳು.

ಗುರುಶಾಂತಪ್ಪ “ನನಗ” ಎಂದು ಬರೆಯುವನು, ಅಳಿಸುವನು. ಮುಂದಿನ ಪದ ಸಿಗುತ್ತಿರಲಿಲ್ಲ. ಕೊನೆಗೊಂದು ಬೆಳಿಗ್ಗೆ ನನ್ನನ್ನು ಕಳಿಸಿದ. ಮರುದಿನವೂ ಕಳಿಸಿದ. ಫೋನ್ ಇರುತ್ತಿದ್ದದ್ದು ಅಡುಗೆಮನೆಯ ಕಟ್ಟೆಯ ಮೇಲೆ, ಚಾರ್ಜಿಗೆ. ನನ್ನನ್ನು ಕಳಿಸಬೇಕಾದರೆ ಅವನು ಮಂಚದಿಂದ ಏಳಲೇಬೇಕು. ಎದ್ದದ್ದಂತೂ ಆಯಿತಲ್ಲ ಎಂದು ಮುಖ ತೊಳೆಯುವನು. ಮುಖ ತೊಳೆದದ್ದಂತೂ ಆಯಿತಲ್ಲ ಎಂದು ಮಾತ್ರೆ ನುಂಗುವನು. ಇದು ಗೊತ್ತಿದ್ದದ್ದು ನನಗೊಬ್ಬನಿಗೇ, ನನಗೋ ಬಾಯಿಲ್ಲ.

ವಂದನಾ ಪ್ರತಿದಿನ ನನ್ನನ್ನು ನೋಡಿ ನಿಟ್ಟುಸಿರು ಬಿಡುವಳು. ಪಾಪ, ಅವಳದು ಒಳ್ಳೆಯ ಉದ್ದೇಶವೇ. ಈ ಮನುಷ್ಯ ಬಾಯಿಬಿಟ್ಟು ಏನಾದರೂ ಹೇಳಿಕೊಳ್ಳಲಿ ಎಂದು ಅವಳ ಆಸೆ. ಒಂದು ದಿನ ಬರೆದಳು: “ಗುರುಶಾಂತಪ್ಪನವರೇ, ದಯವಿಟ್ಟು ಇಂಥ ಚಿತ್ರಗಳು ಬೇಡ. ನಿಮ್ಮದೇ ಮಾತಿನಲ್ಲಿ ಬರೆಯಿರಿ, ಓದಲು ನಾವಿದ್ದೇವೆ.”

ಅವನು ‘ಆಯ್ತು’ ಎನ್ನುವ ಹೆಬ್ಬೆರಳಿನ ಚಿತ್ರ ಒತ್ತಿದ. ಅಲ್ಲಿಗೆ ನನ್ನ ಕೆಲಸ ಹೋಯಿತು. ಬೆಳಿಗ್ಗೆ ಅಡುಗೆಮನೆಗೆ ಬರಿಗಾಲಿನ ಸಪ್ಪಳ ಬರುವುದೂ ನಿಂತಿತು.

ಆಮೇಲೆ ಒಂದು ದಿನ ಇರುವೆ ಮೊದಲ ಸಲ ಬರೆದಳು: “ಆ ದೊಡ್ಡ ಲೋಟದ ಚಿತ್ರ ಈಗ ಯಾಕೆ ಬರ್ತಿಲ್ಲ?”

“ನನಗೂ ಅದೇ ಯೋಚನೆ,” ಎಂದ ಹಳೇ ಚಪ್ಪಲಿ. “ಆ ಲೋಟ ನೋಡಿ ನಗು ಬರ್ತಿತ್ತು. ನಕ್ಕ ಮೇಲೆ ಹಲ್ಲುಜ್ಜಲಿಕ್ಕೆ ಏಳ್ತಿದ್ದೆ.”

“ಅವರು ಎದ್ದಿದ್ದಾರೆ, ನಾನೂ ಏಳ್ತೀನಿ ಅಂದ್ಕೊಳ್ತಿದ್ದೆ,” ಎಂದಳು ಇರುವೆ.

ವಂದನಾ ಗ್ರಂಥಾಲಯದ ಮೇಜಿನ ಮುಂದೆ ಕೂತು ಇದನ್ನು ಓದಿದಳು. ಅವಳ ಮುಖ ಬಿಳಚಿಕೊಂಡದ್ದನ್ನು ನಾನು ಕಂಡೆ. ತನ್ನದೇ ನಿಯಮ ಮುರಿದು ಫೋನ್ ಮಾಡಿದಳು. ಎತ್ತಿದ್ದು ನೀಲವ್ವ.

“ನಾಕ್ ದಿನದಿಂದ ಎದ್ದಿಲ್ರಿ. ಮಾತ್ರಿನೂ ಬ್ಯಾಡ ಅಂತಾರ. ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾರ. ನಂಗ ಹೆದರಿಕಿ ಆಗೇತ್ರಿ.”

“ಅಕ್ಕಾ, ಯಾರನ್ನಾದರೂ ಕರೆದುಕೊಂಡು ಇವತ್ತೇ ಆಸ್ಪತ್ರೆಗೆ ಹೋಗಿ,” ಎಂದಳು ವಂದನಾ. “ಅಲ್ಲಿಯವರೆಗೆ ಫೋನ್ ಅವರ ಕೈಗೆ ಕೊಡಿ. ಮಾತಾಡುವುದು ಬೇಡ. ನೋಡಿದರೆ ಸಾಕು.”

ಆಮೇಲೆ ಅವಳು ಮಾಡಿದ್ದು ನಾನು ಎಣಿಸದ ಕೆಲಸ. ನನ್ನನ್ನು ಹುಡುಕಿ ತೆಗೆದು ಗುಂಪಿಗೆ ಕಳಿಸಿದಳು. ಅದರ ಕೆಳಗೆ ಇರುವೆ ನನ್ನನ್ನೇ ಕಳಿಸಿದಳು. ಹಳೇ ಚಪ್ಪಲಿ ಕಳಿಸಿದ. ಎಂದೂ ಬಾಯಿಬಿಡದ ಯಾರ್ಯಾರೋ ಕಳಿಸಿದರು. ಸಾಲಾಗಿ ಅದೇ ಸೇವಂತಿಗೆ, ಅದೇ ಲೋಟ. ಗೋಡೆಯ ಕಡೆ ತಿರುಗಿ ಮಲಗಿದ್ದವನು ಅಂಗಾತನಾಗಿ ಫೋನನ್ನು ಎದೆಯ ಮೇಲಿಟ್ಟುಕೊಂಡು ನೋಡಿದ. ಬಹಳ ಹೊತ್ತು ನೋಡಿದ. ಕೊನೆಗೆ ಮೈಕಿನ ಗುರುತು ಒತ್ತಿ ಹಿಡಿದ.

“ಎದ್ದೀನಿ ಅಂತ ಹೇಳಾಕ ಅದನ್ನ ಕಳಸ್ತಿದ್ನಿರಿ. ಬ್ಯಾರೆ ಏನ್ ಹೇಳಬೇಕು ತಿಳೀತಿರಲಿಲ್ಲ. ನೀವು ಬ್ಯಾಡ ಅಂದ್ರಿ. ಆಮ್ಯಾಲ, ಎದ್ದು ಯಾರಿಗೆ ಹೇಳೂದು ಅನ್ನಿಸ್ತು.”

ಯಾರೂ ಬುದ್ಧಿ ಹೇಳಲಿಲ್ಲ. “ನನಗೂ ಹಾಗೇ,” ಎಂದು ಬರೆದಳು ಇರುವೆ. “ತಪ್ಪು ನನ್ನದು. ನಾಳೆಯಿಂದ ಕಳಿಸಿ,” ಎಂದಳು ವಂದನಾ. ಅವತ್ತೇ ನೀಲವ್ವ ಮೈದುನನನ್ನು ಕರೆಸಿ ಗಂಡನನ್ನು ಆಸ್ಪತ್ರೆಗೆ ಕರೆದೊಯ್ದಳು.

ಈಗ ನನಗೆ ವಯಸ್ಸಾಗಿದೆ. ಸೇವಂತಿಗೆ ಒಂದು ಹಳದಿ ಕಲೆಯಾಗಿದೆ, ಬೆಟ್ಟ ಎಲ್ಲಿತ್ತೆಂದು ನಾನೇ ಹೇಳಲಾರೆ. ‘ಶುಭೋದಯ’ ಎಂಬ ಅಕ್ಷರಗಳನ್ನು ಓದಲಾಗುವುದಿಲ್ಲ. ಲೋಟವೊಂದು ಉಳಿದಿದೆ, ದೊಡ್ಡದಿತ್ತಲ್ಲ. ಗುರುಶಾಂತಪ್ಪ ಡಿಪೋಗೆ ಹೋಗುತ್ತಾನೆ. ಪೂರ್ತಿ ನೆಟ್ಟಗಾಗಿದ್ದಾನೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ದಿನ ಮಂಚ ಅವನನ್ನು ಬಿಡುವುದಿಲ್ಲ.

ಮೊನ್ನೆಯೂ ಹಾಗೇ ಆಯಿತು. ಬೆಳಿಗ್ಗೆ ನಾನು ಹೋಗಲಿಲ್ಲ, ಮಧ್ಯಾಹ್ನವೂ ಹೋಗಲಿಲ್ಲ. ಗುಂಪಿನಲ್ಲಿ ಯಾರೂ ಏನೂ ಕೇಳಲಿಲ್ಲ, ಆದರೆ ಎಲ್ಲರೂ ಮತ್ತೆ ಮತ್ತೆ ಬಂದು ನೋಡಿ ಹೋಗುತ್ತಿದ್ದರು. ಓಣಿಯ ದೀಪ ಹತ್ತಿದ ಮೇಲೆ ಅಡುಗೆಮನೆಗೆ ಬರಿಗಾಲಿನ ಸಪ್ಪಳ ಬಂತು. ಅವನು ಚಾರ್ಜರಿನಿಂದ ಫೋನ್ ಬಿಡಿಸಿ ನನ್ನನ್ನು ಕಳಿಸಿದ.

ನೀಲವ್ವ ಚಹಾಕ್ಕೆ ನೀರಿಟ್ಟಳು. ಹೊರಗೆ ಕತ್ತಲಾಗಿತ್ತು. ಗುಂಪಿನಲ್ಲಿ ಒಬ್ಬೊಬ್ಬರಾಗಿ ಬರೆಯತೊಡಗಿದರು: ಶುಭೋದಯ, ಗುರುಶಾಂತಣ್ಣ. ಶುಭೋದಯ.