ವೈರ್ ಕಿತ್ತು ಕೇಳು

ಪ್ಯೊ ಗುಕ್‌ವನ್ ಬೇರೆಯವರು ಕಳಿಸಿದ, ಸ್ಟ್ಯಾಂಡಿಗೆ ಕಟ್ಟಿದ ಸೇವಂತಿಗೆ ಹಾರಗಳನ್ನು ಗೋಡೆಯತ್ತ ತಳ್ಳಿ, ತನ್ನದನ್ನು ದರದರ ಎಳೆದು ತಂದು ಬಾಗಿಲಿಗೆ ಎದುರಾಗಿ ನಿಲ್ಲಿಸುತ್ತಿದ್ದ. ಆಳೆತ್ತರದ ಹಾರ. ರಿಬ್ಬನ್ನಿನ ಮೇಲೆ ಅವನ ಹೆಸರು ಮೆಟ್ಟಿಲಿನಿಂದಲೇ ಕಾಣುವಷ್ಟು ದಪ್ಪ.

"ಇಲ್ಲಿಟ್ರೆ ಫೋಟೋದಲ್ಲಿ ಬರುತ್ತೆ ಅಲ್ವಾ?" ಎಂದು ಸೆಯೊನ್‌ಳನ್ನು ಕೇಳಿದ.

ಜೊಂಜು ಊರಿನ ಆಸ್ಪತ್ರೆಯ ನೆಲಮಾಳಿಗೆಯ ಅಂತಿಮದರ್ಶನದ ಕೋಣೆಯೊಳಗೆ ಗೂ ಪಾನ್‌ಸೊಕ್‌ನ ಫೋಟೋ ಕಪ್ಪು ಪಟ್ಟಿ ಕಟ್ಟಿಸಿಕೊಂಡು ಕೂತಿತ್ತು. ಪ್ಯೊನ ಸ್ಟುಡಿಯೋದಲ್ಲಿ ಜೀವಮಾನವೆಲ್ಲ ಧ್ವನಿಮುದ್ರಣ ಮಾಡಿದ ಮನುಷ್ಯ. ಶಿಶುವಿಹಾರದ ಹಾಡು, ಚರ್ಚಿನ ಹಾಡು, ಕಿಮ್ಚಿ ಉಪ್ಪಿನಕಾಯಿ ಅಂಗಡಿಯ ಜಾಹೀರಾತು, ಯಾವುದಕ್ಕೂ ಮೂಗು ಮುರಿದವನಲ್ಲ. ಸೆಯೊನ್ ಅವನ ಕೈಕೆಳಗೇ ಕೆಲಸ ಕಲಿತವಳು.

ಪ್ಯೊ ಅವಳನ್ನು ಚಪ್ಪಲಿ ಗೂಡಿನ ಪಕ್ಕಕ್ಕೆ ಕರೆದ.

"ಹ್ವಾಜಾ ಅಮ್ಮ ಬಂದಿದ್ದಾರೆ. ಅವರ ಹಾಡು ಹೋದ ವಿಷ್ಯ ಇವತ್ತೇ ಮುಗ್ಸಿಬಿಡೋಣ. ಹಾರ್ಡ್ ಡ್ರೈವ್ ಬದಲಾಯ್ಸೋವಾಗ ಪಾನ್‌ಸೊಕ್ ಅಣ್ಣ ಎಡವಟ್ಟು ಮಾಡ್ಕೊಂಡ್ರು ಅಂತೀನಿ. ನೀನು ತಲೆ ಆಡ್ಸು, ಸಾಕು."

"ಇವತ್ತಾ? ಇಲ್ಲೇನಾ?"

"ಸತ್ತೋರ್ ಮೇಲೆ ಯಾರೂ ಸಿಟ್ಟು ಮಾಡ್ಕೊಳಲ್ಲ ಕಣೇ. ಅವರಿಗೇನು ನಷ್ಟ? ನಾಳೆಯಿಂದ ಅವರ ಕುರ್ಚಿ ನಿಂದೇ."

ಸ್ಟುಡಿಯೋ ಹೊಸ ಕಟ್ಟಡಕ್ಕೆ ಹೋದಾಗ ಪಾನ್‌ಸೊಕ್ ಇದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದ, ಸೆಯೊನ್ ಅವನ ಪಕ್ಕದಲ್ಲಿದ್ದಳು. ಕಾಯಲು ಪುರುಸೊತ್ತಿಲ್ಲದ ಪ್ಯೊ ಎಲ್ಲ ಹಾಡುಗಳನ್ನೂ ತಾನೇ ಹೊಸ ಡ್ರೈವಿಗೆ ನಕಲು ಮಾಡಿ, ಹಳೆಯವನ್ನು ಅಳಿಸಿ ಮಾರಿಬಿಟ್ಟಿದ್ದ. ಅದರಲ್ಲಿ ಗಾಯಕಿ ಹ್ವಾಜಾಳ ಪಾನ್ಸೊರಿ ಎಂಬ ಕಥನಗಾನದ ಹಾಡುಗಳೂ ಇದ್ದವು. ಗಂಟಲಿನ ಆಪರೇಷನ್ನಿಗೆ ಮುಂಚೆ ಹಾಡಿದ್ದವು. ಆಪರೇಷನ್ನಿನಲ್ಲಿ ಅವಳ ದನಿ ಪೂರ್ತಿ ಹೋಗಿತ್ತು.

ಹೆಣ ಇನ್ನೂ ಎತ್ತಿಲ್ಲ, ಆಗಲೇ ಅದರ ತಲೆ ಮೇಲೆ ಗೂಬೆ ಕೂರಿಸುವ ಆತುರ. ಕುರ್ಚಿ ಎಂದಾಗ ಅದು ತನ್ನ ಕಣ್ಣಿಗೂ ಒಂದು ಗಳಿಗೆ ಕಟ್ಟಿತ್ತಲ್ಲ ಎಂದು ಸೆಯೊನ್‌ಗೆ ತನ್ನ ಮೇಲೂ ಹೇಸಿಗೆಯಾಯಿತು.

* * *

ಕೆಲಸಕ್ಕೆ ಸೇರಿದ ಹೊಸತು. ಸೆಯೊನ್ ಒಂದು ಜಾಹೀರಾತಿನ ಹಾಡನ್ನು ಹೊಸ ಡ್ರೈವಿಗೆ ಹಾಕಿ "ಆಯ್ತು ಮೇಷ್ಟ್ರೇ" ಎಂದಿದ್ದಳು. ಪಾನ್‌ಸೊಕ್ ಒಣಗಿದ ಸ್ಕ್ವಿಡ್ ಮೀನನ್ನು ಸಿಗಿಸಿಗಿದು ತಿನ್ನುತ್ತ ಕೂತಿದ್ದ.

"ಏನ್ ತಂದಿದ್ದೀಯ?"

"ಹಾಡು."

"ಹಾಡಲ್ಲ ತಾಯಿ, ಹಾಡಿನ ವಿಳಾಸ ತಂದಿದ್ದೀಯ. ದನಿ ಎಲ್ಲಾ ಹಳೇ ಡ್ರೈವಲ್ಲೇ ಕೂತಿದೆ."

"ಮತ್ತೆ ಕೇಳಿಸ್ತಾ ಇದೆಯಲ್ಲಾ?"

ಅವನು ಕೈ ಚಾಚಿ ಹಳೆಯ ಡ್ರೈವಿನ ವೈರ್ ಕಿತ್ತ. ಹಾಡು ಅರ್ಧಕ್ಕೇ ಕತ್ತು ಹಿಸುಕಿದಂತೆ ನಿಂತಿತು.

"ಈಗ ಕೇಳು. ಮೊದ್ಲು ದನಿಗಳನ್ನೆಲ್ಲ ಆ ಹಾಡಿನ ಫೋಲ್ಡರಿಗೇ ಸೇರ್ಸು. ಆಮೇಲೆ ಸಾಗ್ಸು. ಹಳೇದರ ವೈರ್ ಕಿತ್ತು, ಹೊಸದ್ರಲ್ಲಿ ಪೂರ್ತಿ ಕೇಳು. ಆಮೇಲೇ ಅಳ್ಸು."

"ಪೂರ್ತಿನಾ? ಇದು ಕಿಮ್ಚಿ ಜಾಹೀರಾತು ಮೇಷ್ಟ್ರೇ."

"ಕಿಮ್ಚಿಯವನೂ ಆಸೆಪಟ್ಟು ಹಾಡ್ಸಿದಾನೆ. ಕೇಳು."

ಇಬ್ಬರೂ ಕೇಳಿದರು. ಕೆಟ್ಟ ಹಾಡು. ಅವನು ಕೊನೆಯವರೆಗೂ ತಲೆದೂಗಿದ. ಬಾಗಿಲಲ್ಲಿ ನಿಂತ ಪ್ಯೊ, "ನಕಲು ಮಾಡೋಕೆ ಇಷ್ಟ್ ಹೊತ್ತಾ? ಅಣ್ಣ ಮೊಟ್ಟೆಗೆ ಕಾವು ಕೊಡ್ತಿದ್ದಾರೆ!" ಎಂದು ನಕ್ಕಿದ್ದ.

* * *

ಸಾವಿಗೆ ಬಂದವರ ಊಟದ ಕೋಣೆಯಲ್ಲಿ ಕೆಂಪಗಿನ ಮಾಂಸದ ಸಾರು ಆರುತ್ತಿತ್ತು. ಪಾನ್‌ಸೊಕ್‌ನ ಹೆಂಡತಿ ಇಮ್‌ಸುನ್, ಕುತ್ತಿಗೆಗೆ ವಸ್ತ್ರ ಸುತ್ತಿಕೊಂಡಿದ್ದ ಹ್ವಾಜಾಳ ಪಕ್ಕ ಕೂತಿದ್ದಳು. ಪ್ಯೊ ಅವರೆದುರು ಚಕ್ಕಳಮಕ್ಕಳ ಹಾಕಿ, ಬಟ್ಟಲುಗಳನ್ನು ಸರಿಸಿ, ಲ್ಯಾಪ್‌ಟಾಪ್ ತೆರೆದಿಟ್ಟ. ಸಾವಿನ ಮನೆಗೂ ಅದನ್ನು ಬಗಲಲ್ಲಿ ಹೊತ್ತು ತಂದಿದ್ದ.

"ನೋಡಿ ಅಮ್ಮಾ, ಹಾಡಿನ ಹೆಸರಿದೆ, ದನಿ ಕೂರೋ ಪಟ್ಟಿಗಳಿವೆ, ಒಳಗೆ ದನಿ ಇಲ್ಲ. ಎಲ್ಲಾ ಖಾಲಿ. ಕೊನೆಕೊನೆಗೆ ನಮ್ಮಣ್ಣನ ಕೈ ನಡುಗ್ತಿತ್ತು. ಅತ್ತಿಗೆ, ತಪ್ಪು ತಿಳೀಬೇಡಿ."

ಇಮ್‌ಸುನ್ ಅವನನ್ನೇ ನೋಡಿದಳು. "ಗ್ಯಾಸ್ ಆರ್ಸಿ ಬಂದು ಮಲಗಿದ್ಮೇಲೂ ಎದ್ದೋಗಿ ನೋಡ್ಕೊಂಡು ಬರೋರು. ಅವರಾ?"

"ವಯಸ್ಸು ಅತ್ತಿಗೆ, ವಯಸ್ಸು. ಬೇಕಾದ್ರೆ ಸೆಯೊನ್‌ನ ಕೇಳಿ."

ಮೂವರೂ ಅವಳತ್ತ ತಿರುಗಿದರು. ತಲೆ ಆಡಿಸಿದರೆ ಮುಗಿಯಿತು. ಸತ್ತವನಿಗೆ ಬಾಯಿಲ್ಲ. ಪ್ಯೊನ ತುಟಿಯ ಮೇಲೆ ಸಾರಿನ ಕೆಂಪು ಎಣ್ಣೆ ಹೊಳೆಯುತ್ತಿತ್ತು. ಅದನ್ನು ನೋಡಿದ ಸೆಯೊನ್‌ಗೆ ಇನ್ನು ಈ ಮನುಷ್ಯನ ಅನ್ನ ತಿನ್ನಲಾರೆ ಅನ್ನಿಸಿತು.

"ಡ್ರೈವ್ ಬದಲಾಯ್ಸಿದ್ದು ಮೇಷ್ಟ್ರಲ್ಲ. ಅವರು ಆಗ ಆಸ್ಪತ್ರೇಲಿದ್ರು. ನಕಲು ಮಾಡಿದ್ದು, ಅಳ್ಸಿದ್ದು, ಎಲ್ಲಾ ನೀವೇ ಸಾರ್."

"ಏಯ್! ನಾನೇನು ಸುಮ್ನೆ ಅಳ್ಸಿದ್ನಾ? ಹಾಕಿ ಕೇಳಿದ್ದೆ! ಅಮ್ಮ ಗಣಗಣ ಅಂತ ಹಾಡ್ತಿದ್ರು!"

"ಹಳೇ ಡ್ರೈವಿನ ವೈರ್ ಕಿತ್ತು ಕೇಳಿದ್ರಾ?"

"ಅದನ್ನ್ಯಾಕೆ ಕೀಳ್ಬೇಕು?"

ಹೇಳಿದ ಮೇಲೆ, ಅಳಿಸಿದ್ದು ತಾನೇ ಎಂಬುದು ತನ್ನ ಬಾಯಿಂದಲೇ ಬಂತೆಂದು ಅವನಿಗೆ ಹೊಳೆಯಿತು. ಪಕ್ಕದ ಮೇಜಿನವರ ಚಮಚದ ಸದ್ದು ನಿಂತಿತ್ತು.

"ಕೈ ನಡುಗ್ತಿತ್ತು ಅಂದ್ಯಲ್ಲೋ," ಎಂದಳು ಇಮ್‌ಸುನ್. "ಥೂ!"

ಹ್ವಾಜಾ ಯಾರನ್ನೂ ಬೈಯಲಿಲ್ಲ, ಬೈಯಲು ಅವಳಲ್ಲಿ ದನಿ ಇರಲಿಲ್ಲ. ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ಗುಂಡಿ ಒತ್ತಿದಳು. ಖಾಲಿ ಪಟ್ಟಿಗಳ ಮೇಲೆ ಸಣ್ಣ ಗೆರೆಯೊಂದು ಎಡದಿಂದ ಬಲಕ್ಕೆ ಹರಿಯತೊಡಗಿತು. ಸದ್ದಿಲ್ಲ. ಅವಳು ಬೆನ್ನು ನೆಟ್ಟಗೆ ಮಾಡಿ, ತೊಡೆಯ ಮೇಲೆ ತಾಳ ಹಾಕಿ, ಹಾಡಲು ಬಾಯಿ ತೆರೆದಳು. ವಸ್ತ್ರದಡಿಯಲ್ಲಿ ಗಂಟಲು ಏರಿತು, ಇಳಿಯಿತು.

ಪ್ಯೊ ಲ್ಯಾಪ್‌ಟಾಪ್ ಮುಚ್ಚಲೆಂದು ಕೈ ಚಾಚಿದ. ಇಮ್‌ಸುನ್ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಮೇಜಿಗೆ ಒತ್ತಿದಳು. ಗೆರೆ ಇನ್ನೂ ಅರ್ಧ ದಾರಿಯನ್ನೂ ದಾಟಿರಲಿಲ್ಲ.