ನಗು ಬರುವ ಜಾಗ

ಮಗಳು ಅಪ್ಪನ ಕೋಟಿನ ಒಳಜೇಬಿಗೆ ಕೈಹಾಕಿ, ಮಡಿಕೆಗಳಲ್ಲಿ ಹರಿದಿದ್ದ ಹಾಳೆಯನ್ನು ಎಳೆದು ತೆಗೆದಳು. ಚಿತಾಗಾರದ ಸಭಾಂಗಣದಲ್ಲಿ ಜನ ಆಗಲೇ ಕೂತಿದ್ದರು.

"ಇದು ಪದವಿ ಪ್ರದಾನದ ಭಾಷಣ. ಅಮ್ಮನ ಸಾವಿಗೂ ಇದೇನಾ ಅಪ್ಪ?"

"ನನಗೆ ಬರೋದು ಇದೊಂದೇ," ಎಂದರು ನಿವೃತ್ತ ಪ್ರಿನ್ಸಿಪಾಲರು.

"ಸುಮ್ನೆ ಎರಡು ಮಾತಾಡಿ ಕೂತ್ಕೊಳ್ಳಿ. ಜನರೆದುರು ನನ್ನ ಮಾನ ಕಳೀಬೇಡಿ."

"ಹಾಳೆ ನೀನೇ ಇಟ್ಕೊ. ಬಾಯಿಪಾಠ ಇದೆ."

ಊರೂರಿನ ಕಾಲೇಜುಗಳು ಅವರನ್ನು ಕರೆಯುತ್ತಿದ್ದವು. ಎಲ್ಲಿ ಹೋದರೂ ಅದೇ ಭಾಷಣ. ಕಾಲೇಜಿನ ಹೆಸರು ಮಾತ್ರ ಬದಲಾಗುತ್ತಿತ್ತು. ಒಂದೆರಡು ಸಲ ಅದೂ ಬದಲಾಗಿರಲಿಲ್ಲ.

*

ಮೊದಲ ಸಲ ಅವರ ಹೆಂಡತಿ ತನ್ನ ಕನ್ನಡಕದ ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ ಬಂದು, ಮುಂದಿನ ಸಾಲಿನಲ್ಲಿ ಕೂತಿದ್ದಳು.

"ಪದವಿ ಸಿಕ್ಕ ದಿನ, ಇನ್ನು ನನಗೆ ಪಾಠ ಹೇಳುವವರು ಯಾರೂ ಇಲ್ಲ ಅಂದುಕೊಂಡೆ," ಎಂದರು ಅವರು. "ಮುಂದಿನ ವಾರ ಮದುವೆಯಾಯಿತು."

ಯಾರೂ ನಗಲಿಲ್ಲ. ಪ್ರಿನ್ಸಿಪಾಲರ ಹೆಂಡತಿ ಎದುರಿಗೇ ಇರುವಾಗ ನಗುವುದು ಹೇಗೆ? ಎಲ್ಲರೂ ಅವಳ ಮುಖ ನೋಡಿದರು. ಪ್ರಿನ್ಸಿಪಾಲರಿಗೆ ಮುಂದಿನ ಮಾತು ಮರೆತೇಹೋಯಿತು. ಆಗ ಅವಳು ಗಟ್ಟಿಯಾಗಿ ನಕ್ಕಳು. ಅಪ್ಪಣೆ ಸಿಕ್ಕಂತೆ ಇಡೀ ಸಭೆ ನಕ್ಕಿತು.

ಆಮೇಲೆ ಅವಳು ಒಂದು ಸಮಾರಂಭವನ್ನೂ ತಪ್ಪಿಸಲಿಲ್ಲ. ಮನೆಯಲ್ಲಿ ಮಾತ್ರ, "ಹಾಡಿದ್ದೇ ಹಾಡೋ ಕಿಸಬಾಯಿ ದಾಸ" ಎಂದು ಗಂಡನನ್ನು ಆಡಿಕೊಳ್ಳುತ್ತಿದ್ದಳು.

"ಅಷ್ಟು ಬೇಜಾರಾದ್ರೆ ಯಾಕಮ್ಮ ಹೋಗ್ತೀಯ?" ಎಂದು ಮಗಳು ಒಮ್ಮೆ ಕೇಳಿದ್ದಳು.

"ನಾನು ನಗದೇ ಹೋದ್ರೆ ನಿಮ್ಮಪ್ಪ ಅಲ್ಲೇ ನಿಂತುಬಿಡ್ತಾರೆ ಕಣೆ."

*

ಚಿತಾಗಾರಕ್ಕೆ ಬಂದವರಲ್ಲಿ ಅರ್ಧಕ್ಕರ್ಧ ಜನ ಅವಳೇ ಅಳತೆ ನೋಡಿ ಕೊಟ್ಟ ಕನ್ನಡಕ ಹಾಕಿಕೊಂಡಿದ್ದರು.

"ನನ್ನ ಕಿವಿ ಒಂದು ಮೇಲೆ, ಒಂದು ಕೆಳಗೆ ಅಂತ ಕಂಡುಹಿಡಿದಿದ್ದೇ ಆಕೆ," ಎಂದ ಪಕ್ಕದಂಗಡಿಯ ದರ್ಜಿ. "ನನ್ನ ಹೆಂಡ್ತಿಗೂ ಗೊತ್ತಿರ್ಲಿಲ್ಲ."

ಪ್ರಿನ್ಸಿಪಾಲರು ಎದ್ದು, ಹೂವಿನ ಕೆಳಗೆ ಮಲಗಿದ್ದ ಹೆಂಡತಿಯ ಪಕ್ಕ ನಿಂತರು.

"ಇಂದು ನೀವು ಇಲ್ಲಿಂದ ಹೊರಡುತ್ತಿದ್ದೀರಿ..."

ಅದೇ. ಹಿಂದೆ ಯಾರೋ ಕೆಮ್ಮಿದರು. ಮುಂದಿನ ಸಾಲಿನಲ್ಲಿ ಮಗಳು ತಲೆ ತಗ್ಗಿಸಿದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಗಿತ್ತು.

"...ಇನ್ನು ನನಗೆ ಪಾಠ ಹೇಳುವವರು ಯಾರೂ ಇಲ್ಲ ಅಂದುಕೊಂಡೆ. ಮುಂದಿನ ವಾರ ಮದುವೆಯಾಯಿತು."

ಅಲ್ಲಿ ನಿಲ್ಲಿಸಿ, ಎಂದಿನಂತೆ ಮುಂದಿನ ಸಾಲಿನತ್ತ ನೋಡಿದರು. ಯಾರೂ ನಗಲಿಲ್ಲ. ಪ್ರಿನ್ಸಿಪಾಲರು ನೋಡುತ್ತಲೇ ನಿಂತರು.

ಮಗಳು ನಕ್ಕಳು. ತಲೆಯೆತ್ತಿ, ಇನ್ನೊಮ್ಮೆ, ಗಟ್ಟಿಯಾಗಿ ನಕ್ಕಳು.

ಯಾರೂ ಜೊತೆಗೂಡಲಿಲ್ಲ. ಸಾಲುಸಾಲು ಕನ್ನಡಕಗಳು ಅವಳ ಕಡೆ ತಿರುಗಿದವು. ಅಪ್ಪ ಒಮ್ಮೆ ತಲೆಯಾಡಿಸಿ, ಮುಂದಿನ ಮಾತು ಶುರುಮಾಡಿದರು.